ಧಾರಾವಾಹಿಗೆ ಮಡಿಲು ತುಂಬಿದ್ದು

ನಾನು ಐದನೇ ವಯಸ್ಸಿಗೇ ಕಿರುತೆರೆಗೆ ಕಾಲಿಟ್ಟವಳು. ಕಾಲು ಅನ್ನುವುದು ದೊಡ್ಡ ಮಾತಾಯಿತು, ಇಟ್ಟಿದ್ದು ಜಡೆ. ನಮ್ಮ ಮನೆಯಲ್ಲೇ ಚಿತ್ರೀಕರಣವಾಗುತ್ತಿದ್ದ ಧಾರಾವಾಹಿಯ ಮೊದಲ ವರ್ಷದ ಒಂದು ಕಂತಿನಲ್ಲಿ, ನಾಯಕಿ ಕೊಡ ಹೊತ್ತುಕೊಂಡು ಅಂಗಳ ದಾಟುವಾಗ, ಪರದೆಯ ಎಡಗಡೆ ಮೂಲೆಯಲ್ಲಿ ಒಂದು ಕೆಂಪು ರಿಬ್ಬನ್ನು ಅಲ್ಲಾಡಿ ಮಾಯವಾಗುತ್ತದೆ. ಆ ರಿಬ್ಬನ್ನಿನ ಈಚೆ ತುದಿಯಲ್ಲಿದ್ದವಳು ನಾನು. ಈ ಒಂದು ರಿಬ್ಬನ್ನಿನ ಮೇಲೆ ನಾನು ಪ್ರೈಮರಿ ಸ್ಕೂಲು, ಹೈಸ್ಕೂಲು ಎರಡನ್ನೂ ಮರ್ಯಾದೆಯಿಂದ ದಾಟಿದ್ದೇನೆ. ಈಗ ಪಾಂಡವಪುರದಲ್ಲಿ ಪಿಯುಸಿ. ಕಾಲೇಜಿನಲ್ಲಿ ಯಾರಾದರೂ ನಂಬದಿದ್ದರೆ ಫೋನಿನಲ್ಲಿ ಆ ಕಂತು ಹಾಕಿ, ಸರಿಯಾದ ಜಾಗದಲ್ಲಿ ನಿಲ್ಲಿಸಿ, ಬೆರಳಿಟ್ಟು ತೋರಿಸುತ್ತೇನೆ. ಹುಡುಗಿಯರು ಕಣ್ಣು ಕಿರಿದು ಮಾಡಿ ನೋಡಿ, "ಮೆಣಸಿನಕಾಯಿ ಒಣಾಕಿರಂಗೈತೆ ಕಣೇ" ಅನ್ನುತ್ತಾರೆ. ದೊಡ್ಡ ಕಲಾವಿದರಿಗೆಲ್ಲ ಇಂಥದ್ದು ಇದ್ದದ್ದೇ.

ಆ ಧಾರಾವಾಹಿ ಇನ್ನೂ ನಡೆಯುತ್ತಿದೆ. ನಾನು ಹಲ್ಲು ಬೀಳಿಸಿಕೊಂಡು, ಹಲ್ಲು ಬರಿಸಿಕೊಂಡು, ಎಸ್ಸೆಸ್ಸೆಲ್ಸಿ ಪಾಸಾದರೂ ಅದು ಮುಗಿದಿಲ್ಲ. ಆದರೆ ಮೊದಲ ಎರಡು ವರ್ಷದ ಧಾರಾವಾಹಿಯೇ ಬೇರೆ, ಆಮೇಲಿನದೇ ಬೇರೆ. ಹೀಗೆ ಹೇಳುವವಳು ನಾನೊಬ್ಬಳೇ ಅಲ್ಲ. ನಮ್ಮ ನಾಲೆ ಬಯಲಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಧಾರಾವಾಹಿ ಕೆಟ್ಟಿದ್ದು ಯಾಕೆ ಅಂತ ಮಾತ್ರ ನಮ್ಮ ಅಜ್ಜಿಯೊಬ್ಬಳಿಗೇ ಗೊತ್ತಿತ್ತು. ಅವಳ ಪ್ರಕಾರ ಅದರ ಕಾರಣ ನಮ್ಮ ಮನೆಯ ಹೊಸ್ತಿಲಲ್ಲೇ ಇತ್ತು.

ಮೊದಲು ಮನೆಯ ವಿಷಯ ಹೇಳಬೇಕು. ಆಗ ನಮ್ಮದು ಹೆಂಚಿನ ಮನೆ, ಮುಂದೆ ಉದ್ದಕ್ಕೆ ಜಗುಲಿ, ಎರಡು ಮರದ ಕಂಬ, ಪಕ್ಕದಲ್ಲಿ ಕೊಟ್ಟಿಗೆ, ಅಂಗಳದಲ್ಲಿ ಹುಲ್ಲಿನ ಮೆದೆ. ಗೋಡೆಗೆ ಸುಣ್ಣ ಕಂಡು ಯಾವ ಕಾಲವಾಗಿತ್ತೋ. ಒಂದು ದಿನ ಡೈರೆಕ್ಟರು ಕಾರಿನಿಂದ ಇಳಿದು ಬಂದು ಗೋಡೆಯ ಬಿರುಕುಗಳನ್ನು ಕೈಯಿಂದ ಸವರುತ್ತಾ ನಿಂತರಂತೆ. ತಾಲ್ಲೂಕು ಆಫೀಸಿನವರು ಮಳೆಗೆ ಬಿರುಕು ಬಿಟ್ಟ ಮನೆಗಳನ್ನು ನೋಡಲು ಬಂದಿದ್ದಾರೆ ಅಂದುಕೊಂಡ ಅಜ್ಜಿ, ಅವರನ್ನು ಹಿತ್ತಲಿಗೂ ಕರೆದುಕೊಂಡು ಹೋಗಿ ಅಲ್ಲಿದ್ದ ಇನ್ನೂ ದೊಡ್ಡ ಬಿರುಕುಗಳನ್ನು ತೋರಿಸಿದಳು. ಒಂದೊಂದು ಬಿರುಕಿಗೂ ಡೈರೆಕ್ಟರ ಮುಖ ಅರಳುತ್ತಾ ಹೋಯಿತು. ಅಡುಗೆಮನೆಯ ಮಸಿ ನೋಡಿದಾಗಲಂತೂ ಕೈಮುಗಿದುಬಿಟ್ಟರು. ಇಷ್ಟು ಒಳ್ಳೆಯ ಆಫೀಸರನ್ನು ತಾನು ಜೀವಮಾನದಲ್ಲೇ ನೋಡಿಲ್ಲ ಎಂದು ಅಜ್ಜಿ ಅವರಿಗೆ ಮಜ್ಜಿಗೆ ಕೊಟ್ಟಳು. ಮಜ್ಜಿಗೆ ಕುಡಿದಾದ ಮೇಲೆ ಅವರು ಕೇಳಿದ್ದು ಒಂದೇ ಮಾತು: ದಯವಿಟ್ಟು ಬಣ್ಣ ಹೊಡೆಸಬೇಡಿ.

ಹಾಗೆ ನಮ್ಮ ಮನೆ ನಾಯಕಿಯ ತವರುಮನೆಯಾಯಿತು.

ಆಗಿನ ಕಥೆಯಲ್ಲಿ ನಮ್ಮ ಊರಿನಲ್ಲಿ ನಡೆಯುವಂಥದ್ದೇ ನಡೆಯುತ್ತಿತ್ತು. ನಾಲೆಯ ನೀರಿನ ಸರದಿಗೆ ಜಗಳ. ಸಾರಿಗೆ ಉಪ್ಪು ಹೆಚ್ಚಾಗಿ ಒಂದು ಕಂತು ಪೂರ್ತಿ ಮೌನ. ಒಂದು ವಾರವಿಡೀ ನಾಯಕಿಯ ಹಸು ಈಯಲಿಲ್ಲ. ಸೋಮವಾರ ಒದ್ದಾಡಿತು, ಮಂಗಳವಾರ ಒದ್ದಾಡಿತು, ಶುಕ್ರವಾರ ಒದ್ದಾಡುವಾಗಲೇ ಕಂತು ಮುಗಿದು ಊರೆಲ್ಲ ಶನಿವಾರ, ಭಾನುವಾರ ಊಟ ಸೇರದೆ ಕೂತಿತು. ಆ ಶುಕ್ರವಾರವೇ ನಮ್ಮ ಕೊಟ್ಟಿಗೆಯಲ್ಲಿ ನಿಜವಾದ ಹಸು ಕರು ಹಾಕಿತು. ತಾತನೊಬ್ಬನನ್ನು ಬಿಟ್ಟರೆ ಮನೆಯಲ್ಲಿ ಯಾರೂ ಎದ್ದು ಹೋಗಿ ನೋಡಲಿಲ್ಲ. ಎಲ್ಲರೂ ಟಿವಿಯ ಹಸುವಿಗೆ ಮರುಗುತ್ತಿದ್ದರು.

ಸಂಜೆ ಏಳೂವರೆಗೆ ಟಿವಿಯನ್ನು ಜಗುಲಿಗೆ ತರುತ್ತಿದ್ದೆವು. ಇಡೀ ಕೇರಿ ನಮ್ಮ ಅಂಗಳದಲ್ಲಿ ಕೂತು, ಟಿವಿಯೊಳಗೆ ನಮ್ಮ ಅಂಗಳವನ್ನೇ ನೋಡುತ್ತಿತ್ತು. ಟಿವಿಯಲ್ಲಿ ಬಾಗಿಲು ತೆರೆದರೆ ಅರ್ಧ ಜನ ತಿರುಗಿ ನಮ್ಮ ಬಾಗಿಲು ನೋಡುತ್ತಿದ್ದರು. ಒಂದು ಸಲ ಕಥೆಯಲ್ಲಿ ಯಾರೋ ಬಾಗಿಲು ತಟ್ಟಿದಾಗ ನಮ್ಮ ಚಿಕ್ಕಪ್ಪ ಎದ್ದು ಹೋಗಿ ಚಿಲಕ ತೆಗೆದದ್ದನ್ನು ಊರು ಇವತ್ತಿಗೂ ಮರೆತಿಲ್ಲ.

ಈಗ ಮೆದೆಯ ಪ್ರಕರಣ. ಮೊದಲ ದಿನದ ಚಿತ್ರೀಕರಣದಲ್ಲಿ ಹುಲ್ಲಿನ ಮೆದೆ ತುಂಬು ಬಸುರಿಯ ಹಾಗೆ ಇತ್ತು. ಹಾಗಾಗಿ ಆ ದೃಶ್ಯಗಳೆಲ್ಲ ಮುಗಿಯುವ ತನಕ ಅದು ಹಾಗೇ ಇರಬೇಕು, ಒಂದು ಎಳೆ ಹುಲ್ಲೂ ಎಳೆಯಬಾರದು ಎಂದು ಡೈರೆಕ್ಟರು ಹೇಳಿದರು. ಇದಕ್ಕೆ ಕಂಟಿನ್ಯೂಟಿ ಅನ್ನುತ್ತಾರೆ ಅಂತಲೂ ತಿಳಿಸಿದರು. ತಾತ ತಲೆಯಾಡಿಸಿದ. ಕೊಟ್ಟಿಗೆಯ ಹಸುಗಳಿಗೆ ಯಾರೂ ತಿಳಿಸಲಿಲ್ಲ. ಅವು ಎದುರಿಗೇ ಬೆಟ್ಟದಷ್ಟು ಹುಲ್ಲಿಟ್ಟುಕೊಂಡು ಕಂಟಿನ್ಯೂಟಿಯನ್ನೇ ನೋಡುತ್ತಾ ಜೊಲ್ಲು ಸುರಿಸುತ್ತಿದ್ದವು. ತಾತ ಎರಡು ದಿನ ತಡೆದ. ಮೂರನೆಯ ದಿನದಿಂದ ಕ್ಯಾಮೆರಾಕ್ಕೆ ಕಾಣದ ಹಿಂಬದಿಯಿಂದ ಹುಲ್ಲು ಎಳೆಯತೊಡಗಿದ. ಮುಂದಿನಿಂದ ನೋಡಿದರೆ ಮೆದೆ, ಹಿಂದಿನಿಂದ ನೋಡಿದರೆ ಗುಹೆ. ಅದರೊಳಗೆ ನಾನೂ ನಮ್ಮ ಮೇಕೆಯೂ ಸಂಸಾರ ಹೂಡುವಷ್ಟು ಜಾಗವಾಗಿತ್ತು.

ಕೊನೆಗೆ ಏನಾಗಬೇಕೋ ಅದೇ ಆಯಿತು. ನಾಯಕಿಯ ಅಪ್ಪನ ಪಾತ್ರದವರು ಮೆದೆಯ ಮುಂದೆ ನಿಂತು, "ನನ್ನ ಮಗಳು ಈ ಮನೆಯ ಬೆನ್ನೆಲುಬು" ಎಂದು ಎದೆ ತಟ್ಟಿಕೊಂಡ ಗಳಿಗೆಗೇ ಬೆನ್ನೆಲುಬಿಲ್ಲದ ಮೆದೆ ಮುಂದಕ್ಕೆ ಕುಸಿದು ಅವರನ್ನು ಪೂರ್ತಿ ನುಂಗಿತು. ಹುಲ್ಲಿನೊಳಗಿಂದ ಒಂದು ಕೈ ಮಾತ್ರ ಕಾಣುತ್ತಿತ್ತು. ತಾತ ಕೈಕಟ್ಟಿಕೊಂಡು, "ಗಾಳಿ ಕಣಪ್ಪ" ಅಂದ. ಅವತ್ತು ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ. ಡೈರೆಕ್ಟರು ಜಾಣರು. ಅದನ್ನು ಕತ್ತರಿಸದೆ, ಮದುವೆಗೆ ಮುಂಚೆ ಕಂಡ ಅಪಶಕುನ ಅಂತ ಹಿಂದೆ ಸಂಗೀತ ಹಾಕಿ ಕಂತಿನಲ್ಲಿ ಇಟ್ಟುಬಿಟ್ಟರು. ಇಡೀ ಜಿಲ್ಲೆ ನೋಡಿತು.

ನಾಯಕಿಯಾಗಿದ್ದ ಹುಡುಗಿ ಮಾತ್ರ ನಮ್ಮ ಅಜ್ಜಿಯನ್ನು ಪೂರ್ತಿ ಬುಟ್ಟಿಗೆ ಹಾಕಿಕೊಂಡಿದ್ದಳು. ಕಂಪನಿಯ ಡಬ್ಬಿ ಊಟ ಬಿಟ್ಟು ನಮ್ಮ ಅಡುಗೆಮನೆಗೆ ಬಂದು, ಒಲೆಯ ಮುಂದೆ ಕೂತು ಮುದ್ದೆ ಉಣ್ಣುತ್ತಿದ್ದಳು. ಮೊದಲ ದಿನ ಅಗಿದಳು. ಅಜ್ಜಿ ಗದ್ದ ಹಿಡಿದು ನುಂಗುವುದನ್ನು ಹೇಳಿಕೊಟ್ಟಳು. ಆಮೇಲೆ ಅಜ್ಜಿಯೇ ಅವಳ ತಲೆ ಬಾಚುವುದು, ಅಜ್ಜಿಯೇ ಹೂ ಮುಡಿಸುವುದು. ಮೇಕಪ್ಪಿನವನು ಕೆಲಸವಿಲ್ಲದೆ ತಾತನ ಜೊತೆ ಕೂತು ಬೀಡಿ ಸೇದುತ್ತಿದ್ದ.

ಅಜ್ಜಿಗೆ ಮೂರು ಮಕ್ಕಳು, ಮೂರೂ ಗಂಡು. ಊರಿನಲ್ಲಿ ಬೇರೆ ಹೆಂಗಸರು ಹೆಣ್ಣುಮಕ್ಕಳಿಗೆ ಮಡಿಲಕ್ಕಿ ತುಂಬಿ ಕಣ್ಣೊರೆಸಿಕೊಳ್ಳುವಾಗ ನಮ್ಮ ಅಜ್ಜಿ ಪಕ್ಕದಲ್ಲಿ ನಿಂತು ತಟ್ಟೆ ಹಿಡಿದುಕೊಂಡವಳೇ ಹೊರತು, ತುಂಬಿದವಳಲ್ಲ. ತವರಿನಿಂದ ಹೊರಡುವ ಹೆಣ್ಣಿನ ಸೆರಗಿಗೆ ಅಕ್ಕಿ, ಕಾಯಿ, ಬೆಲ್ಲ, ವೀಳ್ಯದೆಲೆ ಹಾಕಬೇಕು. ಆಕೆ ಅದರಲ್ಲಿ ಒಂದು ಹಿಡಿ ಅಕ್ಕಿಯನ್ನು ತವರಿಗೇ ವಾಪಸು ಬಿಟ್ಟು ಹೊಸ್ತಿಲು ದಾಟಬೇಕು. ಬರಿ ಮಡಿಲಲ್ಲಿ ಕಳಿಸುವುದು ನಮ್ಮ ಕಡೆ ಇಲ್ಲವೇ ಇಲ್ಲ.

ನಾಯಕಿ ಗಂಡನ ಮನೆಗೆ ಹೊರಡುವ ದೃಶ್ಯದ ದಿನ ಅಜ್ಜಿ ಬೆಳಿಗ್ಗೆಯೇ ಮೊರದಲ್ಲಿ ಅಕ್ಕಿ ಆರಿಸಿ, ನಮ್ಮ ಗದ್ದೆ ಬದುವಿನ ತೆಂಗಿನಕಾಯಿ, ಆಲೆಮನೆಯಿಂದ ತರಿಸಿದ ಬೆಲ್ಲದ ಅಚ್ಚು, ಎಲೆ ಅಡಿಕೆ, ಅರಿಶಿನದ ಕೊಂಬು ಎಲ್ಲ ಜೋಡಿಸಿಟ್ಟಿದ್ದಳು. ಡೈರೆಕ್ಟರ ಬಳಿಯಿದ್ದ ಕಾಗದದಲ್ಲಿ ಮಡಿಲಕ್ಕಿ ಇರಲಿಲ್ಲ. ಅಳು ಇತ್ತು, ಅಪ್ಪಿಕೊಳ್ಳುವುದು ಇತ್ತು, ಹಸುವಿನ ಕೊರಳು ಸವರುವುದು ಇತ್ತು. ಅಕ್ಕಿ ಇರಲಿಲ್ಲ.

ಅಜ್ಜಿ ಮೊರ ಹಿಡಿದುಕೊಂಡು ಕ್ಯಾಮೆರಾದ ಮುಂದೆಯೇ ಬಂದು ನಿಂತಳು. ಬಿಸಿಲು ಇಳಿಯುತ್ತಿತ್ತು. ಡೈರೆಕ್ಟರು ಒಮ್ಮೆ ಆಕಾಶ ನೋಡುವುದು, ಒಮ್ಮೆ ಅಜ್ಜಿಯನ್ನು ನೋಡುವುದು.

"ಅಜ್ಜಿ, ಲೈಟ್ ಹೋಗ್ತಿದೆ. ಶಾಟ್ ಆದ್ಮೇಲೆ ತುಂಬಿ. ಎಷ್ಟು ಬೇಕಾದ್ರೂ ತುಂಬಿ."

ಅಜ್ಜಿ ಪಕ್ಕಕ್ಕೆ ಸರಿದಳು. ಶಾಟ್ ಆಯಿತು. ಆದ ಕೂಡಲೇ ಹಿಂದಿನ ಬೀದಿಯಲ್ಲಿ ಬೆಳಕು ಇರುವಾಗಲೇ ಇನ್ನೊಂದು ತೆಗೆಯಬೇಕೆಂದು ಹುಡುಗಿಯನ್ನು ವ್ಯಾನಿಗೆ ಹತ್ತಿಸಿದರು. ಅವಳು ಮದುಮಗಳ ವೇಷದಲ್ಲೇ ಕಿಟಕಿಯಿಂದ ಕೈಬೀಸಿದಳು. ಅಲ್ಲಿಂದ ಹಾಗೇ ಬೆಂಗಳೂರಿಗೆ ಹೋದರು. ಮುಂದಿನ ತಿಂಗಳು ಬರುತ್ತೇವೆ ಅಂದವರು ಬರಲಿಲ್ಲ. ನಮ್ಮ ಜಗುಲಿಯ ಹಾಗೇ ಅಲ್ಲೊಂದು ಹಲಗೆಯ ಜಗುಲಿ ಮಾಡಿಕೊಂಡರಂತೆ. ಟಿವಿಯಲ್ಲಿ ಅದು ಬಂದ ಮೊದಲ ದಿನವೇ ಅಜ್ಜಿ ಹಿಡಿದಳು. ನಮ್ಮ ಕಂಬಕ್ಕೆ ಬಾಣಂತಿ ಎಮ್ಮೆ ಕೊಂಬು ತಿಕ್ಕಿದ ಗಾಯ ಇತ್ತು, ಅವರ ಕಂಬಕ್ಕೆ ಇರಲಿಲ್ಲ.

ಅವಳಿಗೆ ಅದು ನಾಟಕ ಅಂತ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ತಾತ ಒಮ್ಮೆ ಹಾಗಂದುಕೊಂಡು, ಅದೆಲ್ಲ ಆಟ ಕಣೇ, ಯಾಕೆ ಕೊರಗುತ್ತೀಯ ಎಂದು ಕೇಳಿದ್ದಕ್ಕೆ ಸರಿಯಾಗಿ ಅನ್ನಿಸಿಕೊಂಡ.

"ಆಟ ಅಂತ ನಂಗೂ ಗೊತ್ತು. ಹೊಸ್ಲು ಆಟದ್ದಾ? ಹೊಸ್ಲು ನಮ್ದೇ ತಾನೆ? ಅದ್ನ ದಾಟ್ಕಂಡು ಒಂದ್ ಹೆಣ್ ಮಗ ಬರಿ ಮಡ್ಲಲ್ಲಿ ಓಯ್ತು."

ತಾತ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಅವನು ಹಸುಗಳಿಗೆ ಹುಲ್ಲು ಹಾಕಲು ಹೋದ. ಉತ್ತರ ಇಲ್ಲದಾಗಲೆಲ್ಲ ನಮ್ಮ ಹಸುಗಳಿಗೆ ಹುಲ್ಲು ಸಿಗುತ್ತದೆ. ಅದಕ್ಕೇ ಅವು ಅಷ್ಟು ಚೆನ್ನಾಗಿವೆ.

ಅಲ್ಲಿಂದ ಧಾರಾವಾಹಿ ಹಾಳಾಗುತ್ತಾ ಹೋಯಿತು. ಕಥೆಯ ಪ್ರಕಾರ ಗಂಡನ ಮನೆ ನಾಗಮಂಗಲದ ಕಡೆ. ಒಂದು ದಿನ ಅತ್ತೆ ಬೈದಳೆಂದು ನಾಯಕಿ ಅಳುತ್ತಾ ಮನೆಯಿಂದ ಓಡಿದವಳು, ಹಾಡು ಮುಗಿಯುವಷ್ಟರಲ್ಲಿ ಶ್ರೀರಂಗಪಟ್ಟಣದ ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತಿದ್ದಳು. ಬಸ್ಸಿನಲ್ಲಿ ಹೋದವರಿಗೂ ಸೊಂಟ ಹಿಡಿದುಕೊಳ್ಳುವಷ್ಟು ದೂರ ಅದು. ಅಂಗಳದಲ್ಲಿ ಭಾರೀ ಚರ್ಚೆಯಾಯಿತು. ಹಾಲಿನ ಡೈರಿಯ ವ್ಯಾನು ಸಿಕ್ಕಿರಬೇಕು ಅಂದವರು ಕೆಲವರು. ಕಬ್ಬಿನ ಲಾರಿ ಅಂದವರು ಕೆಲವರು. ತಾತ ದಾರಿಯನ್ನೇ ಎಣಿಸಿ ಹೇಳಿದ: ಯಾವುದರಲ್ಲಿ ಬಂದಿದ್ದರೂ ಜಕ್ಕನಹಳ್ಳಿ ದಾಟಿ, ಪಾಂಡವಪುರದ ಮೇಲೇ ಬರಬೇಕು. ಅಜ್ಜಿ ಪೂರ್ತಿ ಕುಸಿದಳು. ಅಂದರೆ ಹುಡುಗಿ ಕಣ್ಣೀರು ಹಾಕಿಕೊಂಡು ನಮ್ಮೂರಿಗೆ ತಿರುಗುವ ಗೇಟಿನ ಮುಂದೆಯೇ ಹೋಗಿದ್ದಾಳೆ, ಒಳಗೆ ಬಂದು ಒಂದು ಲೋಟ ನೀರು ಕುಡಿಯಲಿಲ್ಲ.

"ಯಾಕ್ ಬತ್ತಾಳೆ," ಅಂದಳು. "ನಾವೇನ್ ತುಂಬಿ ಕಳ್ಸಿದ್ದೋ ಅಂತ ಬತ್ತಾಳೆ."

ಆಮೇಲೆ ನಾಯಕಿಗೆ ನೆನಪು ಹೋಯಿತು. ನೆನಪು ಬಂದಾಗ ಅವಳ ಅವಳಿ ತಂಗಿ ಬಂದಳು. ಆಸ್ತಿಗಾಗಿ ಪಾಯಸಕ್ಕೆ ವಿಷ ಬೆರೆಸಿದರು. ರಾತ್ರಿ ಮಲಗುವಾಗಲೂ ಅತ್ತೆ ರೇಷ್ಮೆ ಸೀರೆ, ಕಾಸಿನ ಸರ. ಯಾರ ಮನೆಯಲ್ಲೂ ಒಂದು ಹಸು ಇಲ್ಲ, ಒಲೆ ಹೊತ್ತಿಸುವವರಿಲ್ಲ, ಆದರೂ ಎಲ್ಲರೂ ದಷ್ಟಪುಷ್ಟ. ಒಂದೊಂದಕ್ಕೂ ಅಜ್ಜಿಯದು ಒಂದೇ ಕಾರಣ: ಮಡಿಲಕ್ಕಿ. ಒಂದು ದಿನ ನಾಯಕಿ ಕಾರಿನ ಅಪಘಾತದಲ್ಲಿ ಮುಖ ಸುಟ್ಟುಕೊಂಡು, ಬ್ಯಾಂಡೇಜು ಬಿಚ್ಚಿದಾಗ ಬೇರೆಯೇ ಹುಡುಗಿಯಾಗಿದ್ದಳು. ಮೊದಲಿನವಳು ಮದುವೆಯಾಗಿ ನಟನೆ ಬಿಟ್ಟಳೆಂದು ನಾನು ಫೋನು ನೋಡಿ ಹೇಳಿದೆ. ಅಜ್ಜಿ ಕೇಳಿದ್ದು, ಆ ಮದುವೆಯಲ್ಲಾದರೂ ಅವಳಿಗೆ ಯಾರಾದರೂ ಮಡಿಲು ತುಂಬಿದರೋ ಅಂತ. ಫೋಟೋದಲ್ಲಿ ಅವಳ ಸೆರಗು ಉಬ್ಬಿದ ಹಾಗಿತ್ತು. ತುಂಬಿದ್ದಾರೆ ಅಂದೆ. ಅಜ್ಜಿಗೆ ಅರ್ಧ ಭಾರ ಇಳಿಯಿತು. ಆ ಹುಡುಗಿಯ ಲೆಕ್ಕ ಮುಗಿಯಿತು, ನಮ್ಮ ಹೊಸ್ತಿಲಿನ ಲೆಕ್ಕ ಬಾಕಿ ಅಂದಳು. ಮುಖ ಯಾವುದಾದರೇನು, ಈ ಮನೆಯಿಂದ ಹೋದವಳು ಅನ್ನಿಸಿಕೊಂಡು ಬದುಕುತ್ತಿರುವವಳು ಈಗ ಇವಳೇ.

ಈ ವರ್ಷ ಕೊನೆಗೂ ಟಿವಿಯಲ್ಲಿ ಬಂತು: ಅಂತಿಮ ಕಂತುಗಳು, ನಾಯಕಿ ತವರಿಗೆ ಬಂದು, ಎಲ್ಲರನ್ನೂ ಕ್ಷಮಿಸಿ, ಮತ್ತೆ ಗಂಡನ ಮನೆಗೆ ಹೊರಡುತ್ತಾಳೆ. ಅಜ್ಜಿ ಎದ್ದು ನಿಂತುಬಿಟ್ಟಳು. ಮತ್ತೆ ಹೊರಡುತ್ತಾಳೆ. ಈ ಸಲ ಬರಿ ಮಡಿಲಲ್ಲಿ ಹೊರಟರೆ ಕಥೆಯೇ ಮುಗಿಯುತ್ತದೆ, ಆಮೇಲೆ ತುಂಬಲು ಯಾರೂ ಇರುವುದಿಲ್ಲ. ಮಾರನೆಯ ದಿನದಿಂದ ಅಂಗಳ ಸಾರಿಸಿ, ಅಕ್ಕಿ ಆರಿಸಿಟ್ಟುಕೊಂಡು, ಕಾರಿನ ಸದ್ದಾದರೆ ಬೀದಿಗೆ ಓಡುವುದೇ ಅವಳ ಕೆಲಸವಾಯಿತು.

ಒಂದು ತೊಂದರೆ ಇತ್ತು. ಚಿಕ್ಕಪ್ಪನ ಮದುವೆಗೆ ಮನೆಗೆ ಬಣ್ಣ ಹೊಡೆಸಿದ್ದೆವು. ಮುಂದಿನ ಗೋಡೆ ಗಿಳಿಹಸಿರು, ಕಂಬಗಳು ಗುಲಾಬಿ, ಹೊಸ್ತಿಲು ಹಳದಿ. ದೂರದಿಂದ ನೋಡಿದರೆ ಯಾರೋ ಜಾತ್ರೆಯ ಮಿಠಾಯಿ ಬಿಸಿಲಿಗಿಟ್ಟು ಮರೆತ ಹಾಗೆ ಕಾಣುತ್ತದೆ. ಕಾರು ಬರಲಿಲ್ಲ. ಬಂದಿದ್ದು ನನ್ನ ಫೋನಿಗೆ ಒಂದು ವಿಡಿಯೋ. ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಯಲ್ಲಿ, ಬಣ್ಣ ಕಾಣದ ಒಂದು ಹೆಂಚಿನ ಮನೆಯ ಮುಂದೆ ಕ್ಯಾಮೆರಾ, ಕೊಡೆ, ಜನ. ಜಗುಲಿಯಲ್ಲಿ ನಮ್ಮ ನಾಯಕಿ.

ಅಜ್ಜಿ ಫೋನನ್ನು ಹತ್ತಿರ ಹಿಡಿದಳು, ದೂರ ಹಿಡಿದಳು.

"ಮೊಕ ಬದ್ಲಾಯಿಸುದ್ರು, ಸುಮ್ಕಿದ್ದೆ. ತವ್ರನ್ನೇ ಬದ್ಲಾಯಿಸ್ಬುಟ್ರಾ?"

ಮಾರನೆಯ ಮಧ್ಯಾಹ್ನ ನಾವಿಬ್ಬರೂ ಪಾಂಡವಪುರದಲ್ಲಿ ಕೆ.ಆರ್. ಪೇಟೆ ಬಸ್ಸಿನಲ್ಲಿದ್ದೆವು. ಅಜ್ಜಿಯ ತೊಡೆಯ ಮೇಲೆ ಬಟ್ಟೆ ಕಟ್ಟಿದ ಮೊರ. ನನ್ನ ಕೂದಲಿಗೆ ಕೆಂಪು ರಿಬ್ಬನ್ನು. ಹದಿನೇಳು ವರ್ಷದವಳು ರಿಬ್ಬನ್ನು ಕಟ್ಟಿಕೊಂಡು ಹೋದರೆ ಜನ ನೋಡಿ ನಗುತ್ತಾರೆ, ಗೊತ್ತು. ಆದರೆ ಕಂಟಿನ್ಯೂಟಿ ಅನ್ನುವುದೊಂದು ಇದೆಯಲ್ಲ.

ಮೊರದಲ್ಲಿ ಏನು ಎಂದು ಕಂಡಕ್ಟರು ಕೇಳಿದ್ದೇ ತಪ್ಪಾಯಿತು. ಚಿನಕುರಳಿ ಬರುವಷ್ಟರಲ್ಲಿ ಇಡೀ ಬಸ್ಸಿಗೆ ವಿಷಯ ಗೊತ್ತಾಗಿತ್ತು. ಮುಂದಿನ ಸೀಟಿನವರು ಹಳೇ ಮುಖದ ಪರ, ಹಿಂದಿನವರು ಹೊಸ ಮುಖದ ಪರ. ಮೊದಲಿನ ಕಂತುಗಳೇ ಚೆಂದ ಅನ್ನುವುದಕ್ಕೆ ಮಾತ್ರ ಎರಡೂ ಕಡೆಯವರೂ ಒಪ್ಪಿದರು. ಹಸು ಈಯದ ವಾರವನ್ನು ಒಬ್ಬರು ನೆನೆಸಿಕೊಂಡರೆ, ಉಪ್ಪು ಹೆಚ್ಚಾದ ಸಾರನ್ನು ಇನ್ನೊಬ್ಬರು ನೆನೆಸಿಕೊಂಡರು. ಇಳಿಯಬೇಕಾದ ಕಡೆ ಇಳಿಯದೆ ಮಾತಿಗೆ ಕೂತ ಒಬ್ಬರನ್ನು ಕಂಡಕ್ಟರು ಎರಡು ಸ್ಟಾಪು ಮುಂದೆ ಬೈದು ಇಳಿಸಿದ.

ಕೆ.ಆರ್. ಪೇಟೆಯಿಂದ ಆಟೋದಲ್ಲಿ ಆ ಊರು ತಲುಪಿದಾಗ ಬಿಸಿಲು ಆಗಲೇ ಬಾಗಿತ್ತು. ಅಂಗಳದ ತುಂಬ ಜನ. ಜಗುಲಿಯ ಮೇಲೆ ನಾಯಕಿ ಕಣ್ಣಿಗೆ ಹನಿ ಹಾಕಿಸಿಕೊಂಡು ಅಳಲು ತಯಾರಾಗುತ್ತಿದ್ದಳು. ಕೊಡೆಯ ಕೆಳಗೆ ಅದೇ ಡೈರೆಕ್ಟರು ಕೂತಿದ್ದರು. ಆಗ ತಲೆ ತುಂಬ ಕೂದಲಿತ್ತು, ಈಗ ಟೋಪಿ.

ಅಜ್ಜಿ ಸೀದಾ ಹೋಗಿ ಕ್ಯಾಮೆರಾದ ಮುಂದೆ ನಿಂತಳು. ಮೊರದ ಬಟ್ಟೆ ಬಿಚ್ಚಿದಳು. ಡೈರೆಕ್ಟರು ಮೊರ ನೋಡಿದರು, ಮುಖ ನೋಡಿದರು, ನಿಧಾನವಾಗಿ ಟೋಪಿ ತೆಗೆದರು.

"ಅಜ್ಜಿ... ನೀವಾ?"

"ಶಾಟ್ ಆದ್ಮೇಲೆ ತುಂಬು ಅಂದಿದ್ದೆಲ್ಲಪ್ಪ," ಅಂದಳು ಅಜ್ಜಿ. "ಆಯ್ತಾ ಶಾಟು?"

ಅವರು ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡರು. ಎದ್ದು ಹೋಗಲು ಅವರಿಗೆ ಕೊಟ್ಟಿಗೆಯೂ ಇರಲಿಲ್ಲ, ಹುಲ್ಲು ಹಾಕಲು ಹಸುವೂ ಇರಲಿಲ್ಲ.

ಅಷ್ಟರಲ್ಲಿ ಆ ಮನೆಯೊಳಗಿಂದ ಇನ್ನೊಬ್ಬಳು ಅಜ್ಜಿ ಬಂದಳು. ಆ ಮನೆಯ ಯಜಮಾನಿ. ನಮ್ಮ ಅಜ್ಜಿಗಿಂತ ಎರಡು ಸುತ್ತು ದಪ್ಪ, ಕೈಯಲ್ಲಿ ಅವಳದೇ ಮೊರ, ಅದರಲ್ಲಿ ಅವಳದೇ ಅಕ್ಕಿ, ಕಾಯಿ, ಬೆಲ್ಲ. ಅವಳೂ ಬೆಳಿಗ್ಗೆಯಿಂದ ಶಾಟ್ ಆಗಲೆಂದು ಕಾಯುತ್ತಿದ್ದಳು. ಡೈರೆಕ್ಟರು ಅವಳಿಗೂ ಅದೇ ಮಾತು ಕೊಟ್ಟಿದ್ದರು.

"ಯಾರವ್ವ ನೀನು?" ಅಂದಳು ಆ ಅಜ್ಜಿ.

"ಈ ಮಗಿನ ತವ್ರೋಳು."

"ತವ್ರು ಇದು. ಮೂರು ದಿನದಿಂದ ನಮ್ ಜಗ್ಲಿ ಮೇಲೆ ಕುಂತು ಅಳ್ತಾವ್ಳೆ, ಕಾಣಾಕಿಲ್ವಾ?"

"ಎಲ್ ಬೇಕಾದ್ರೂ ಅಳ್ಲಿ. ಮೊದ್ಲು ಅತ್ತಿದ್ದು ನಮ್ಮನೇಲಿ."

ಜನ ಎರಡು ಪಾಲಾದರು. ಈ ಬಾಗಿಲಿನಿಂದ ಹೊರಡುವವಳಿಗೆ ಈ ಬಾಗಿಲಿನವಳೇ ತುಂಬಬೇಕು ಅಂದರು ಅವರ ಊರಿನವರು. ನಮ್ಮ ಪಾಲಿಗೆ ಇದ್ದವರು ನಾನು ಮತ್ತು ಆಟೋದವನು. ಆಟೋದವನೂ ಬಾಡಿಗೆ ಬರಬೇಕಾಗಿದ್ದರಿಂದ ಇದ್ದ. ನಾಯಕಿ ಎರಡು ಮೊರಗಳ ನಡುವೆ ನಿಂತು, ಹನಿ ಹಾಕಿದ ಕಣ್ಣಿನಿಂದ ಸುಮ್ಮಸುಮ್ಮನೆ ನೀರು ಸುರಿಸುತ್ತಿದ್ದಳು. ಡೈರೆಕ್ಟರು ಆಕಾಶ ನೋಡುತ್ತಿದ್ದರು. ನಾನು ಮಧ್ಯೆ ಬಾಯಿ ಹಾಕಿ, ನಮ್ಮದು ಸಾಮಾನ್ಯ ಮನೆಯಲ್ಲ, ಮೊದಲ ಕಂತಿನಿಂದ ಇದ್ದ ಮನೆ, ಮದುವೆಗೆ ಮುಂಚೆ ಮೆದೆ ಬಿದ್ದು ನಾಯಕಿಯ ಅಪ್ಪ ಮುಚ್ಚಿಹೋಗಿದ್ದ ಮನೆ ಎಂದು ದೊಡ್ಡ ದನಿಯಲ್ಲಿ ಹೇಳಿದೆ.

ಆ ಅಜ್ಜಿಯ ಮೊರ ಸ್ವಲ್ಪ ಕೆಳಗಿಳಿಯಿತು.

"ಮೆದೆ ಬಿತ್ತಲ್ಲ, ಕೈ ಒಂದೇ ಕಾಣೋದು... ಆ ಮನೇನಾ ನಿಮ್ದು?"

"ಹೂಂ ಕಣವ್ವ. ನಮ್ಮೆಜಮಾನ್ರು ಹಿಂದ್ಗಡೆಯಿಂದ ಹುಲ್ ಕಿತ್ತು ಬೀಳ್ಸಿದ್ದು."

ಅವಳು ನಕ್ಕಳು. ಮೊದಲು ಹೊಟ್ಟೆ ಕುಣಿಯಿತು, ಆಮೇಲೆ ಮೊರ ಕುಣಿಯಿತು, ಅಕ್ಕಿ ಚೆಲ್ಲಿತು. ಅವಳನ್ನು ನೋಡಿ ನಮ್ಮ ಅಜ್ಜಿಯೂ ಶುರು ಮಾಡಿದಳು. ಗಾಳಿಗೆ ಬಿದ್ದಿದ್ದೆಂದು ಇಷ್ಟು ವರ್ಷ ನಂಬಿದ್ದ ಡೈರೆಕ್ಟರು ಮಾತ್ರ ನಗಲಿಲ್ಲ. ಆಮೇಲೆ ಇಬ್ಬರೂ ಅದೇ ಜಗುಲಿಯ ಮೇಲೆ ಕೂತು ಹಳೇ ಕಂತುಗಳನ್ನು ಒಂದೊಂದಾಗಿ ನೆನೆಸಿಕೊಳ್ಳತೊಡಗಿದರು. ಹಸು, ಸಾರು, ನಾಲೆ ಜಗಳ. ಆಗ ಅಳು ಬರುತ್ತಿತ್ತು, ಈಗ ತಲೆನೋವು ಬರುತ್ತದೆ ಅಂದಳು ಆ ಅಜ್ಜಿ. ಬರಿ ಮಡಿಲಲ್ಲಿ ಕಳಿಸಿದ ಕಥೆಯನ್ನು ನಮ್ಮ ಅಜ್ಜಿ ಹೇಳಿದಾಗ ಅವಳು ಎದೆ ಮುಟ್ಟಿಕೊಂಡಳು. ಅದಕ್ಕೇ ಈ ಹುಡುಗಿಗೆ ಇಷ್ಟೊಂದು ಕಷ್ಟ ಬಂತಾ ಅಂದಳು. ನನ್ನ ಕಿವಿಯಾರೆ ಕೇಳಿದೆ. ಅಜ್ಜಿಯ ಸಿದ್ಧಾಂತಕ್ಕೆ ಹೊರ ತಾಲ್ಲೂಕಿನಿಂದ ಬಂದ ಮೊದಲ ಬೆಂಬಲ ಅದು.

"ಅಂಗಾದ್ರೆ ನೀನು ದೊಡ್ ತವ್ರು, ನಾನು ಚಿಕ್ ತವ್ರು," ಅಂತ ತೀರ್ಪು ಕೊಟ್ಟಳು ಆಕೆ. "ನೀನು ಮೊದ್ಲು ತುಂಬು."

ನಾಯಕಿಗೆ ಸೆರಗು ಹಿಡಿಯಲು ಬರುತ್ತಿರಲಿಲ್ಲ. ಪಟ್ಟಣದ ಹುಡುಗಿ. ನಮ್ಮ ಅಜ್ಜಿಯೇ ಸೆರಗಿನ ಎರಡು ತುದಿ ಅವಳ ಕೈಗೆ ಕೊಟ್ಟು, ಮುಂದೆ ಜೋಳಿಗೆಯ ಹಾಗೆ ಮಾಡಿಸಿದಳು.  ಮೂರು ಗಂಡು ಹೆತ್ತು, ಊರಿನವರ ಹೆಣ್ಣುಮಕ್ಕಳಿಗೆಲ್ಲ ತಟ್ಟೆ ಹಿಡಿದವಳು ಮೊದಲ ಸಲ ಬೊಗಸೆಯಲ್ಲಿ ಅಕ್ಕಿ ಎತ್ತಿ ಹಾಕಿದಳು. ಆಮೇಲೆ ಕಾಯಿ, ಬೆಲ್ಲ, ಎಲೆ ಅಡಿಕೆ, ಅರಿಶಿನದ ಕೊಂಬು. ಅಲ್ಲಿಗೇ ತುಂಬಿತ್ತು. ಅದರ ಮೇಲೆ ಚಿಕ್ಕ ತವರಿನದ್ದು ಅಷ್ಟೇ. ಹುಡುಗಿ ಭಾರಕ್ಕೆ ಬಾಗಿ, ಒಂದು ತೆಂಗಿನಕಾಯಿ ಜಾರಿ ಡೈರೆಕ್ಟರ ಕಾಲಿನ ಮೇಲೆ ಬಿತ್ತು. ಅವರು ಕುಂಟುತ್ತಲೇ ಕ್ಯಾಮೆರಾದವನಿಗೆ ತೆಗೆ ತೆಗೆ ಅನ್ನುತ್ತಿದ್ದರು.

"ಒಂದ್ ಹಿಡಿ ತವ್ರಿಗೆ ಬುಡು ಮಗ," ಅಂದಳು ನಮ್ಮ ಅಜ್ಜಿ.

ಹುಡುಗಿ ಒಂದು ಹಿಡಿ ಅಕ್ಕಿ ಎತ್ತಿಕೊಂಡು ಸುತ್ತ ನೋಡಿದಳು. ಹಿಂದೆ ಚಿಕ್ಕ ತವರಿನ ಹೊಸ್ತಿಲು. ದೊಡ್ಡ ತವರು ಪಾಂಡವಪುರದಾಚೆ. ಅರ್ಧ ಅಕ್ಕಿಯನ್ನು ಹೊಸ್ತಿಲ ಒಳಗೆ ಬಿಟ್ಟಳು. ಇನ್ನರ್ಧವನ್ನು ನಮ್ಮ ಅಜ್ಜಿಯ ಸೆರಗಿಗೆ ಹಾಕಿ, "ನಿಮ್ಮನೆದು ನೀವೇ ತಗೊಂಡೋಗಿ ಅಜ್ಜಿ" ಅಂದಳು. ಅಜ್ಜಿ ಅದನ್ನು ಗಂಟು ಕಟ್ಟಿಕೊಂಡಳು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಗಂಟನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಮನೆಗೆ ಬಂದು, ಹಳದಿ ಹೊಸ್ತಿಲು ದಾಟಿ, ಅಕ್ಕಿಯ ಡ್ರಮ್ಮಿಗೆ ಬಿಚ್ಚಿ ಸುರಿದ ಮೇಲೆ ನನ್ನ ಕಡೆ ತಿರುಗಿದಳು.

"ಕೈ ಪಳಗ್ತು ಕಣವ್ವ. ಇನ್ನು ನಿಂದು ನೋಡ್ಮ."

ಮೊದಲು ಪಿಯುಸಿ ನೋಡೋಣ ಅಂದೆ.

ಕಂತು ಬಂದ ದಿನ ಕೇರಿಯೆಲ್ಲ ಮತ್ತೆ ನಮ್ಮ ಅಂಗಳದಲ್ಲಿ ಸೇರಿತು, ಮೊದಲಿನ ಹಾಗೇ. ಅಜ್ಜಿಯ ಕೈ, ಬಳೆ, ಬೊಗಸೆಯಿಂದ ಇಳಿಯುವ ಅಕ್ಕಿ ಪರದೆಯ ತುಂಬ ಬಂತು. ಹಿಂದೆ ನಿಂತಿದ್ದ ನನ್ನನ್ನು ಚಿಕ್ಕ ತವರಿನ ಅಜ್ಜಿ ಪೂರ್ತಿ ಮರೆ ಮಾಡಿದ್ದಳು. ಅವಳ ಕಿವಿಯ ಪಕ್ಕದಲ್ಲಿ ಒಂದು ಕ್ಷಣ ಕೆಂಪಗೆ ಏನೋ ಅಲ್ಲಾಡಿತು. ಕಾಲೇಜಿನಲ್ಲಿ ತೋರಿಸಿದ್ದೇನೆ. ಈ ಸಲ ಟೊಮೆಟೊ ಅಂದರು.

ಆ ಕಂತನ್ನು ಜನ ಎಷ್ಟು ಮೆಚ್ಚಿದರೆಂದರೆ ಧಾರಾವಾಹಿಯನ್ನು ಮುಗಿಸುವುದನ್ನೇ ಕೈಬಿಟ್ಟರು. ಮಡಿಲು ತುಂಬಿದ ಮೇಲೆ ಸಂಸಾರ ನೆಲೆ ನಿಲ್ಲದೆ ಇರುತ್ತದೆಯೇ ಅಂದಳು ಅಜ್ಜಿ. ಅಂದವಳು ಮಾರನೆಯ ದಿನದಿಂದ ಧಾರಾವಾಹಿ ನೋಡುವುದನ್ನು ಬಿಟ್ಟುಬಿಟ್ಟಳು. ಏಳೂವರೆಯಾದರೆ ಹೊರಗೆ ಜಗುಲಿಗೆ ಹೋಗಿ, ಒಳಗಿನ ಟಿವಿಗೆ ಬೆನ್ನು ಹಾಕಿ ಹೂ ಕಟ್ಟುತ್ತಾ ಕೂರುತ್ತಾಳೆ. ಯಾಕೆ ಎಂದು ಕೇಳಿದೆ.

"ಕೊಟ್ ಮನೆ ಕಣವ್ವ ಅದು. ದಿನಾ ಸಂಜೆ ಓಗಿ ಇಣುಕ್ ನೋಡಿದ್ರೆ ಬೀಗ್ರು ಏನಂದ್ಕಂಡಾರು?"

ಇಷ್ಟು ವರ್ಷ ರಿಮೋಟು ಮುಟ್ಟಲು ಅಜ್ಜಿ ಬಿಡದಿದ್ದ ತಾತನ ಕೈಗೆ ಈಗ ರಿಮೋಟು ಬಂದಿದೆ. ಅವನು ಕೃಷಿ ಕಾರ್ಯಕ್ರಮ ಹಾಕುತ್ತಾನೆ ಅಂದುಕೊಂಡಿದ್ದೆ. ಹಾಕಲಿಲ್ಲ. ನಿನ್ನೆ ನಾಯಕಿಯನ್ನು ಯಾರೋ ಒಂದು ಗೋಡೌನಿನಲ್ಲಿ ಕುರ್ಚಿಗೆ ಕಟ್ಟಿ, ಬಾಯಿಗೆ ಪಟ್ಟಿ ಅಂಟಿಸಿದ್ದರು. ಪಕ್ಕದಲ್ಲಿ ಬಾಂಬು ಟಿಕ್‌ಟಿಕ್ ಅನ್ನುತ್ತಿತ್ತು. ಜಗುಲಿಯಿಂದ ಅಜ್ಜಿ ತಿರುಗದೆಯೇ ಕೇಳಿದಳು.

"ಚೆನ್ನಾಗವ್ಳಾ?"

ತಾತ ನಾಯಕಿಯನ್ನು ನೋಡಿದ, ಬಾಂಬನ್ನು ನೋಡಿದ, ಟಿವಿಯ ಸದ್ದು ಸ್ವಲ್ಪ ಕಡಿಮೆ ಮಾಡಿದ.

"ಊಂ," ಅಂದ. "ಚೆನ್ನಾಗವ್ಳೆ."